ಕೆಳಗಿನಿಂದ ನೋಡಿದ ಬುಲೆಟ್ ರೈಲು

ಬಸವನಗುಡಿಯ ಒಂದು ಸಣ್ಣ ಸಭಾಂಗಣದಲ್ಲಿ ಭಾನುವಾರ ಬೆಳಿಗ್ಗೆ ಆಡಿದ ಮಾತುಗಳಿವು. ಎರಡೆರಡು ಸಲ ಹೇಳಿದ್ದನ್ನು ಒಂದು ಸಲಕ್ಕೆ ಇಳಿಸಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಮಾತ್ರ ಬಿಟ್ಟಿಲ್ಲ.

ಎಲ್ಲರಿಗೂ ನಮಸ್ಕಾರ.

ಪರಿಚಯ ಮಾಡಿಕೊಟ್ಟವರು ನನ್ನನ್ನು ರೈಲು ತಜ್ಞ ಅಂದರು. ಅದಕ್ಕೊಂದು ತಿದ್ದುಪಡಿ ಇದೆ. ನಾನು ಮೂವತ್ತು ವರ್ಷ ಕೆಲಸ ಮಾಡಿದ್ದು ರೈಲಿನ ಕೆಳಗೆ. ಡಿಪೋದ ಪಿಟ್ ಲೈನಿನಲ್ಲಿ, ಹಳಿಗಳ ನಡುವಿನ ಹೊಂಡಕ್ಕಿಳಿದು, ತಲೆಯ ಮೇಲಿರುವ ಗಾಲಿ, ಸ್ಪ್ರಿಂಗು, ಬ್ರೇಕು ನೋಡಿಕೊಂಡವನು. ಜನ ರೈಲಿನ ಮುಖದ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ನನಗೆ ರೈಲು ಅಂದರೆ ಕಣ್ಣಿಗೆ ಬರುವುದು ಅದರ ಹೊಟ್ಟೆ. ಹಾಗಾಗಿ ಇವತ್ತು ಬುಲೆಟ್ ರೈಲಿನ ಬಗ್ಗೆ ಹೇಳುವುದನ್ನೂ ಹೊಂಡದೊಳಗಿನಿಂದಲೇ ಹೇಳುತ್ತೇನೆ. ಅದರ ಉದ್ದ ಮೂಗಿನ ವಿಷಯ ಕೇಳಲು ಬಂದವರಿಗೆ ಸ್ವಲ್ಪ ನಿರಾಸೆ ಆಗಬಹುದು.

ಮೊದಲು ಒಂದು ಪದದ ಗೊಂದಲ ಕಳೆದುಕೊಳ್ಳೋಣ. ನಾವೆಲ್ಲ ‘ಬೋಗಿ’ ಅನ್ನುವುದು ಜನ ಕೂರುವ ಡಬ್ಬಿಗೆ. ‘ನಮ್ಮ ಬೋಗಿ ಹಿಂದುಗಡೆ ಬರುತ್ತೆ ಕಣ್ರೀ’ ಅಂತ ಪ್ಲಾಟ್‌ಫಾರ್ಮಿನಲ್ಲಿ ಓಡುತ್ತೇವಲ್ಲ, ಅದು. ಡಿಪೋದವರ ಬಾಯಲ್ಲಿ ಅದು ಕೋಚು. ಬೋಗಿ ಅಂದರೆ ಕೋಚಿನ ಎರಡು ತುದಿಯಲ್ಲೂ ಕೆಳಗೆ ಇರುವ ಗಾಲಿಗಳ ಗಾಡಿ: ಒಂದು ಚೌಕಟ್ಟು, ಎರಡು ಅಚ್ಚು, ನಾಲ್ಕು ಗಾಲಿ. ಈಗಿನಿಂದ ನಾನು ಬೋಗಿ ಅಂದರೆ ಅದೇ. ವೇಗದ ರೈಲಿನ ಕಥೆ ನನ್ನ ಮಟ್ಟಿಗೆ ಬೋಗಿಯ ಕಥೆ. ಎಂಜಿನ್ನಿಗೆ ಶಕ್ತಿ ತುಂಬುವುದು ಅಷ್ಟು ಕಷ್ಟವಾಗಿರಲಿಲ್ಲ. ಆ ಶಕ್ತಿಯಲ್ಲಿ ಓಡುವಾಗ ಅಲುಗದೆ ಇರುವುದು ಹೇಗೆ ಅನ್ನುವುದೇ ಕಷ್ಟವಾಗಿತ್ತು.

ಬಾಗಿಲ ಬಳಿ ಕಾಫಿ ಕುಡಿದಿರಲ್ಲ, ಅಲ್ಲಿಂದ ನಾಲ್ಕು ಪೇಪರ್ ಕಪ್ಪು ತಂದಿದ್ದೇನೆ. ಈ ಎರಡು ಉದ್ದನೆಯ ವೈರಿಂಗ್ ಪೈಪು ಎಸ್.ಪಿ. ರಸ್ತೆಯಲ್ಲಿ ಕೊಂಡದ್ದು. ಇವೇ ನಮ್ಮ ಹಳಿಗಳು. ಎರಡು ಕಪ್ಪುಗಳನ್ನು ಬಾಯಿಗೆ ಬಾಯಿ ಸೇರಿಸಿ ಟೇಪು ಸುತ್ತಿದ್ದೇನೆ. ನಡುವೆ ದಪ್ಪ, ಎರಡು ತುದಿ ಸಣ್ಣ. ನೋಡಿ, ಇಳಿಜಾರಿನಲ್ಲಿ ಬಿಡುತ್ತೇನೆ. ಬೇಕಂತಲೇ ಸೊಟ್ಟಗೆ ಬಿಟ್ಟೆ. ಆದರೂ ಅತ್ತಿತ್ತ ವಾಲಾಡಿ ನಡುವಿಗೆ ಬಂತು, ಬೀಳಲಿಲ್ಲ. ಇನ್ನೊಂದು ಜೋಡಿಯನ್ನು ತಳಕ್ಕೆ ತಳ ಸೇರಿಸಿದ್ದೇನೆ. ಇದು ನಡುವೆ ಸಣ್ಣ, ತುದಿಗಳಲ್ಲಿ ದಪ್ಪ. ಬಿಟ್ಟರೆ... ಆಯಿತು, ಮೊದಲ ಸಾಲಿನವರ ಕಾಲ ಬಳಿ ಹೋಗಿ ಬಿತ್ತು.

ರೈಲಿನ ಗಾಲಿ ನಮ್ಮ ಮೊದಲ ಜೋಡಿಯ ಹಾಗೆ. ಹೊರಗಿನಿಂದ ಚಪ್ಪಟೆಯಾಗಿ ಕಾಣುತ್ತದೆ, ಆದರೆ ಅದರ ಮೈಗೆ ಸಣ್ಣ ಇಳಿಜಾರು ಇದೆ. ಇಪ್ಪತ್ತಕ್ಕೆ ಒಂದು ಅನ್ನುವುದು ಹಳೆಯ ರೂಢಿ. ಒಳಬದಿ ದಪ್ಪ, ಹೊರಬದಿ ತೆಳು. ಗಾಲಿ ಜೋಡಿ ಎಡಕ್ಕೆ ಸರಿದರೆ ಎಡಗಾಲಿ ತನ್ನ ದಪ್ಪ ಭಾಗದ ಮೇಲೆ ಉರುಳುತ್ತದೆ, ಬಲಗಾಲಿ ತೆಳು ಭಾಗದ ಮೇಲೆ. ಒಂದು ಸುತ್ತಿನಲ್ಲಿ ಎಡಗಾಲಿ ಹೆಚ್ಚು ದೂರ ಹೋಗುವುದರಿಂದ ಇಡೀ ಜೋಡಿ ಬಲಕ್ಕೆ ತಿರುಗಿಕೊಳ್ಳುತ್ತದೆ. ರೈಲನ್ನು ಹಳಿಯ ಮೇಲೆ ಇಡುವುದು ಗಾಲಿಯ ಅಂಚಿನ ತುಟಿ ಅಂತ ಬಹಳ ಜನ ತಿಳಿದಿದ್ದಾರೆ. ಅದು ಕೊನೆಯ ಕಾವಲು ಮಾತ್ರ. ದಿನನಿತ್ಯದ ಕೆಲಸ ಮಾಡುವುದು ಈ ಇಳಿಜಾರು. ಇಷ್ಟೆಲ್ಲ ನಡೆಯುವ ಜಾಗ ಎಷ್ಟು ದೊಡ್ಡದು ಗೊತ್ತೇ? ಗಾಲಿಯೂ ಹಳಿಯೂ ಮುಟ್ಟುವುದು ಹೆಚ್ಚೂಕಡಿಮೆ ಒಂದು ನಾಣ್ಯದಷ್ಟು ಜಾಗದಲ್ಲಿ.

ಇಷ್ಟು ಒಳ್ಳೆಯ ಉಪಾಯದಲ್ಲೇ ಒಂದು ಕೇಡೂ ಅಡಗಿದೆ. ಕಪ್ಪು ನಡುವಿಗೆ ಬರುವ ಮುಂಚೆ ಅತ್ತಿತ್ತ ವಾಲಾಡಿತಲ್ಲ, ನಿಧಾನಕ್ಕೆ ಹೋಗುವಾಗ ಅದು ತಾನಾಗಿ ಅಡಗುತ್ತದೆ. ಒಂದು ವೇಗ ದಾಟಿದ ಮೇಲೆ ಅಡಗುವುದಿಲ್ಲ, ಬೆಳೆಯುತ್ತದೆ. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ, ಇನ್ನೂ ಜೋರಾಗಿ. ಕೊನೆಗೆ ಗಾಲಿಯ ತುಟಿ ಹಳಿಗೆ ಬಡಿಯಲು ಶುರುವಾಗುತ್ತದೆ. ಜಪಾನೀಯರು ಇದಕ್ಕೆ ಇಟ್ಟ ಹೆಸರಿನ ಅರ್ಥವೇ ಹಾವಿನ ನಡೆ. ನಾನು ಹಾವಾಟ ಅನ್ನುತ್ತೇನೆ. 1955ರಲ್ಲಿ ಫ್ರೆಂಚರು ಒಂದು ವಿದ್ಯುತ್ ಎಂಜಿನ್ನನ್ನು ಗಂಟೆಗೆ 331 ಕಿ.ಮೀ. ಓಡಿಸಿ ವಿಶ್ವದಾಖಲೆ ಮಾಡಿದರು. ರೈಲು ದಾಟಿದ ಮೇಲೆ ನೋಡಿದರೆ ಹಳಿ ಸೊಟ್ಟಸೊಟ್ಟವಾಗಿತ್ತು. ಅಂದರೆ ಎಂಜಿನ್ನಿಗೆ ಅಷ್ಟು ವೇಗದಲ್ಲಿ ಎಳೆಯುವ ತಾಕತ್ತು 1955ರಲ್ಲೇ ಇತ್ತು. ಆ ವೇಗವನ್ನು ತಡೆದುಕೊಳ್ಳುವ ಹಳಿ, ಬೋಗಿ ಇರಲಿಲ್ಲ.

ಹಾವಾಟಕ್ಕೆ ಮದ್ದು ಹುಡುಕಿದವರಲ್ಲಿ ಮುಖ್ಯರಾದವರು ರೈಲಿನವರೇ ಅಲ್ಲ. ತದಾಶಿ ಮತ್ಸುದೈರಾ ಜಪಾನಿನ ನೌಕಾಪಡೆಗೆ ವಿಮಾನಗಳ ಕಂಪನ ಅಧ್ಯಯನ ಮಾಡುತ್ತಿದ್ದವರು. ಜೀರೋ ಯುದ್ಧವಿಮಾನದ ರೆಕ್ಕೆ ಹಾರಾಟದಲ್ಲೇ ಪಟಪಟ ಬಡಿದುಕೊಂಡು ಮುರಿಯುವ ಸಮಸ್ಯೆ ಅವರ ಪಾಲಿಗೆ ಬಂದಿತ್ತು. ಯುದ್ಧ ಮುಗಿಯಿತು, ಜಪಾನಿಗೆ ವಿಮಾನ ಕಟ್ಟುವುದಕ್ಕೇ ನಿಷೇಧ ಬಂತು. ಇಂಥ ಎಂಜಿನಿಯರುಗಳು ರೈಲ್ವೆಯ ಸಂಶೋಧನಾಲಯ ಸೇರಿದರು. ಹಳಿ ಸೊಟ್ಟಗಿರುವುದರಿಂದ ಗಾಲಿ ಅಲುಗುತ್ತದೆ ಅಂತ ಹಳಬರು ನಂಬಿದ್ದರು. ಹಳಿ ನೆಟ್ಟಗಿದ್ದರೂ ಬೋಗಿ ತನಗೆ ತಾನೇ ಅಲುಗಾಟ ಹುಟ್ಟಿಸಿಕೊಳ್ಳುತ್ತದೆ, ವಿಮಾನದ ರೆಕ್ಕೆಯ ಹಾಗೆ, ಅಂತ ಮತ್ಸುದೈರಾ ವಾದಿಸಿದರು. ಉರುಳೆಗಳ ಮೇಲೆ ಬೋಗಿ ನಿಲ್ಲಿಸಿ, ಉರುಳೆ ತಿರುಗಿಸಿ, ನಿಂತಲ್ಲೇ ಓಡಿಸಿ ತೋರಿಸಿದರು. ಅಚ್ಚನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು, ಸ್ಪ್ರಿಂಗು ಎಷ್ಟು ಮೆತ್ತಗಿರಬೇಕು, ಅಲುಗಾಟ ಹೀರಿಕೊಳ್ಳುವ ಡ್ಯಾಂಪರ್ ಎಲ್ಲಿರಬೇಕು ಅನ್ನುವುದು ಆಮೇಲೆ ಲೆಕ್ಕಕ್ಕೆ ಸಿಕ್ಕಿತು. ಇಲ್ಲಿ ಎಚ್‌ಎಎಲ್‌ನಿಂದ ನಿವೃತ್ತರಾದವರು ಇಬ್ಬರಾದರೂ ಕೂತಿದ್ದೀರಿ, ತಲೆದೂಗಿದ್ದು ಕಂಡಿತು. ಬುಲೆಟ್ ರೈಲಿನ ಅರ್ಧ ನಿಮ್ಮ ಕಡೆಯದೇ.

ಈಗ ಹೆಸರಿನ ವಿಚಾರ. ‘ಶಿಂಕನ್‌ಸೆನ್’ ಅಂದರೆ ಬುಲೆಟ್ ರೈಲು ಅಂತಲ್ಲ, ರೈಲು ಅಂತಲೂ ಅಲ್ಲ. ಹೊಸ ಮುಖ್ಯಮಾರ್ಗ ಅಂತ. ಜಪಾನಿನವರು ಹೆಸರಿಟ್ಟದ್ದು ದಾರಿಗೆ! ಅವರ ಹಳೆಯ ಹಳಿಗಳ ನಡುವಿನ ಅಗಲ 1067 ಮಿ.ಮೀ., ನಮ್ಮ ಮೀಟರ್ ಗೇಜಿಗಿಂತ ಒಂದು ಹಿಡಿ ಹೆಚ್ಚು, ಅಷ್ಟೇ. ತೋಕಿಯೊ–ಒಸಾಕಾ ಮಾರ್ಗ ತುಂಬಿ ತುಳುಕುತ್ತಿತ್ತು. ಇದ್ದ ಹಳಿಯ ಪಕ್ಕ ಇನ್ನೆರಡು ಹಳಿ ಹಾಕಿ ಮುಗಿಸೋಣ ಅಂದವರೇ ಹೆಚ್ಚು. 1955ರಲ್ಲಿ ರೈಲ್ವೆಯ ಅಧ್ಯಕ್ಷರಾಗಿ ಬಂದ ಶಿಂಜಿ ಸೊಗೊ ಒಪ್ಪಲಿಲ್ಲ. 1435 ಮಿ.ಮೀ. ಅಗಲದ ಪ್ರತ್ಯೇಕ ಮಾರ್ಗ, ಗೂಡ್ಸ್ ಗಾಡಿ ಇಲ್ಲ, ಲೆವೆಲ್ ಕ್ರಾಸಿಂಗ್ ಒಂದೂ ಇಲ್ಲ ಅಂತ ಪಟ್ಟು ಹಿಡಿದರು. ಎಂಜಿನಿಯರಿಂಗ್ ಹೊಣೆಗೆ ಹಿದೆಯೊ ಶಿಮಾ ಅವರನ್ನು ಕರೆತಂದರು. ಖರ್ಚಿನ ಅಂದಾಜನ್ನು ಕಡಿಮೆ ತೋರಿಸಿಯೇ ಶುರು ಮಾಡಿದರು. ಸರ್ಕಾರ ನಡುವೆ ಕೈಬಿಡಬಾರದು ಅಂತ ವಿಶ್ವಬ್ಯಾಂಕಿನಿಂದ 8 ಕೋಟಿ ಡಾಲರ್ ಸಾಲವನ್ನೂ ಎತ್ತಿದರು. ಖರ್ಚು ಅಂದಾಜಿನ ಸುಮಾರು ಎರಡು ಪಟ್ಟಾಯಿತು. 1963ರಲ್ಲಿ ಇಬ್ಬರೂ ಹುದ್ದೆ ಬಿಟ್ಟು ಹೋಗಬೇಕಾಯಿತು. 1964ರ ಅಕ್ಟೋಬರ್ 1ರಂದು ಮೊದಲ ರೈಲು ಹೊರಟಾಗ ಉದ್ಘಾಟನೆಗೆ ಇವರಿಬ್ಬರಿಗೂ ಆಹ್ವಾನ ಇರಲಿಲ್ಲ. ಅಂದಾಜು ಕಡಿಮೆ ತೋರಿಸಿದ್ದು ಸರಿಯೇ ಅಂತ ನನ್ನನ್ನು ಕೇಳಬೇಡಿ. ಸರ್ಕಾರಿ ನೌಕರಿಯಲ್ಲಿದ್ದವನು ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ನಮ್ಮೂರಿನವರಿಗೆ ಒಂದು ಕಾಕತಾಳೀಯ. ಜೋಲಾರಪೇಟೆಯಿಂದ ಬೆಂಗಳೂರು ಕಂಟೋನ್ಮೆಂಟಿಗೆ ಮೊದಲ ರೈಲು ಬಂದದ್ದು 1864ರಲ್ಲಿ. ಅದಕ್ಕೆ ಸರಿಯಾಗಿ ನೂರು ವರ್ಷ ತುಂಬಿದಾಗ ಜಪಾನಿನಲ್ಲಿ 210 ಕಿ.ಮೀ. ವೇಗದ ರೈಲು ಹೊರಟಿತು.

ಹಳಿ ಬೇರೆಯೇ ಯಾಕೆ ಬೇಕು ಅನ್ನುವುದಕ್ಕೆ ತಿರುವು ಸಾಕು. ಬೈಕಿನಲ್ಲಿ ತಿರುವು ತೆಗೆದುಕೊಳ್ಳುವಾಗ ನೀವು ವಾಲುತ್ತೀರಿ. ರೈಲು ವಾಲುವುದಕ್ಕೆ ಹೊರಗಿನ ಹಳಿಯನ್ನು ಎತ್ತರಿಸುತ್ತೇವೆ, ಅದಕ್ಕೂ ಮಿತಿ ಇದೆ. ವೇಗ ಎರಡರಷ್ಟಾದರೆ ಹೊರಕ್ಕೆ ತಳ್ಳುವ ಬಲ ನಾಲ್ಕರಷ್ಟು. ತೋಕಿಯೊ–ಒಸಾಕಾ ಮಾರ್ಗದ ಮಾಮೂಲಿ ತಿರುವುಗಳನ್ನು 2500 ಮೀಟರ್ ತ್ರಿಜ್ಯದಲ್ಲಿ ಹಾಕಿದ್ದರು. ಅದೂ ಸಾಲದಾಯಿತು. ಮುಂದಿನ ಮಾರ್ಗಗಳಲ್ಲಿ 4000 ಮೀಟರ್ ಮಾಡಿದರು. ಬೆಟ್ಟ ಸುತ್ತಿ, ಕೆರೆ ಬಳಸಿ, ಊರೂರಿಗೆ ಮುಖ ತೋರಿಸಿ ಹೋಗುವ ಹಳೆಯ ಮಾರ್ಗದಲ್ಲಿ ಇದು ಎಲ್ಲಿ ಸಾಧ್ಯ? ಸಕಲೇಶಪುರದ ಘಾಟಿಯಲ್ಲಿ ಕಿಟಕಿಗೆ ಆತುಕೊಂಡು ನೋಡುತ್ತೇವಲ್ಲ, ನಮ್ಮ ರೈಲಿನ ಮುಂದಿನ ಡಬ್ಬಿಗಳು ತಿರುವಿನಲ್ಲಿ ಕಾಣುತ್ತವೆ, ಎಷ್ಟು ಚಂದ. ಬುಲೆಟ್ ರೈಲಿನಲ್ಲಿ ಆ ಚಂದ ಇಲ್ಲ.

ಇನ್ನು ತೂಕ. ಡಬ್ಲ್ಯುಎಪಿ-7 ಅನ್ನುವ ನಮ್ಮ ಎಂಜಿನ್ 123 ಟನ್, ಆರು ಅಚ್ಚು. ಅಚ್ಚೊಂದಕ್ಕೆ 20 ಟನ್ನಿಗಿಂತ ಹೆಚ್ಚು. ಆ ಭಾರ 300ರ ವೇಗದಲ್ಲಿ ಹಳಿಯ ಮೇಲೆ ಹೋದರೆ ಅದು ಓಟವಲ್ಲ, ಸಮ್ಮೆಟ್ಟಿಗೆ ಏಟು. ಶಿಮಾ ಮಾಡಿದ್ದು ಎಂಜಿನ್ನನ್ನೇ ಬಿಟ್ಟದ್ದು. ಮೋಟರುಗಳನ್ನು ಡಬ್ಬಿಗಳ ಕೆಳಗೆ ಹಂಚಿಬಿಟ್ಟರು. ನೂರು ಜನ ಎತ್ತುವ ಕಲ್ಲನ್ನು ಒಬ್ಬ ಪೈಲ್ವಾನನಿಗೆ ಹೊರಿಸದೆ ನೂರು ಜನರಿಂದಲೇ ಎತ್ತಿಸಿದ ಹಾಗೆ. ಈಗಿನ ಶಿಂಕನ್‌ಸೆನ್‌ನಲ್ಲಿ ಅಚ್ಚಿನ ಭಾರ 11 ಟನ್ ಆಸುಪಾಸು. ಫ್ರೆಂಚರ ಟಿಜಿವಿ 1981ರಲ್ಲಿ ಪ್ಯಾರಿಸ್–ಲಿಯೋನ್ ಮಾರ್ಗದಲ್ಲಿ ಓಡಿದಾಗ ಎರಡು ತುದಿಗೂ ಎಂಜಿನ್ ಇಟ್ಟುಕೊಂಡೇ ಬಂತು. ಆದರೆ ಅವರು ಎರಡು ಡಬ್ಬಿಗಳ ನಡುವೆ ಒಂದೇ ಬೋಗಿ ಇಟ್ಟು ತೂಕ ಇಳಿಸಿದರು. ಎರಡೂ ದಾರಿ ಸರಿಯೇ. ನಮ್ಮ ವಂದೇ ಭಾರತ್ ಹಿಡಿದದ್ದು ಜಪಾನಿನ ದಾರಿ, ಅದರ ಅರ್ಧದಷ್ಟು ಅಚ್ಚುಗಳಿಗೆ ಮೋಟರು ಇದೆ.

ಮೂಗಿನ ಕಥೆ ನಿಮಗೆ ಗೊತ್ತಿರುತ್ತದೆ. 1997ರಲ್ಲಿ ಬಂದ 500 ಸರಣಿಯ ಶಿಂಕನ್‌ಸೆನ್ ರೈಲು ಸುರಂಗದಿಂದ ಹೊರಬರುವಾಗ ‘ಢಂ’ ಅನ್ನಬಾರದು ಅಂತ, ಪಕ್ಷಿವೀಕ್ಷಣೆಯ ಹುಚ್ಚಿದ್ದ ಎಂಜಿನಿಯರ್ ಎಯ್ಜಿ ನಕತ್ಸು ಮಿಂಚುಳ್ಳಿಯ ಕೊಕ್ಕು ನೋಡಿ 15 ಮೀಟರ್ ಉದ್ದದ ಮೂಗು ಕೊಟ್ಟರು. ಚೆನ್ನಾಗಿದೆ. ಎಲ್ಲ ಉಪನ್ಯಾಸದಲ್ಲೂ ಇದೇ ಕಥೆ ಬರುತ್ತದೆ, ಆದ್ದರಿಂದ ನಾನು ಇಲ್ಲಿಗೆ ಬಿಡುತ್ತೇನೆ. ಆಮೇಲಿನ ರೈಲುಗಳ ಮೂಗಿಗೆ ಮಿಂಚುಳ್ಳಿಯ ಹೋಲಿಕೆಯೂ ಇಲ್ಲ.

ನಿಲ್ಲುವುದು ಹೇಗೆ? ಗಂಟೆಗೆ 320 ಅಂದರೆ ಸೆಕೆಂಡಿಗೆ 89 ಮೀಟರ್. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಡಬ್ಬಿಯ ಉದ್ದ ದಾಟಿರುತ್ತದೆ. ಪೂರ್ತಿ ಬ್ರೇಕು ಹಾಕಿದರೂ ನಿಲ್ಲಲು ಮೂರು ನಾಲ್ಕು ಕಿ.ಮೀ. ಬೇಕು. ಹಳಿಯ ಪಕ್ಕ ಕಂಬದ ಮೇಲೆ ಕೆಂಪು ದೀಪ ಇಟ್ಟರೆ ಕಾಣುವುದು ನಿಂತುಕೊಳ್ಳಲು ಜಾಗ ಮುಗಿದ ಮೇಲೆ. ಅದಕ್ಕೇ ಇಲ್ಲಿ ಸಿಗ್ನಲ್ ಕಂಬವೇ ಇಲ್ಲ. ಎಷ್ಟು ವೇಗದಲ್ಲಿ ಹೋಗಬಹುದು ಅನ್ನುವುದು ಹಳಿಯಿಂದ ಚಾಲಕನ ಮುಂದಿನ ಪರದೆಗೆ ಬರುತ್ತದೆ. ಆತ ಮೀರಿದರೆ ರೈಲೇ ಬ್ರೇಕು ಹಾಕಿಕೊಳ್ಳುತ್ತದೆ.

ಹದಿನಾರು ಡಬ್ಬಿಯ ಶಿಂಕನ್‌ಸೆನ್ ಸುಮಾರು 700 ಟನ್. 285 ಕಿ.ಮೀ. ವೇಗದಲ್ಲಿ ಅದರ ಓಟದಲ್ಲಿ ಅಡಗಿರುವ ಶಕ್ತಿ ಎಷ್ಟು ಅಂತ ಲೆಕ್ಕ ಹಾಕಿದೆ. ಸುಮಾರು 600 ಯೂನಿಟ್ ವಿದ್ಯುತ್. ಗೃಹಜ್ಯೋತಿಯ 200 ಯೂನಿಟ್ ಮಿತಿ ಇದೆಯಲ್ಲ, ಅದರಂತೆ ಒಂದು ಮನೆಯ ಮೂರು ತಿಂಗಳ ಕೋಟಾ! ನಿಲ್ಲಿಸುವಾಗ ಇಷ್ಟನ್ನೂ ಎಲ್ಲಿಗೋ ಸಾಗಹಾಕಬೇಕು. ಹಳೆಯ ಕಾಲದಲ್ಲಿ ಬ್ರೇಕು ಸವೆದು, ಕೆಂಪಗೆ ಕಾದು, ಗಾಳಿಗೆ ಹೋಗುತ್ತಿತ್ತು. ಈಗ ಮೋಟರುಗಳೇ ಜನರೇಟರ್ ಆಗಿ ಆ ವಿದ್ಯುತ್ತನ್ನು ಮೇಲಿನ ತಂತಿಗೆ ವಾಪಸು ಕೊಡುತ್ತವೆ, ಹಿಂದಿನ ರೈಲು ಅದನ್ನು ಬಳಸಿಕೊಳ್ಳುತ್ತದೆ. ನಮ್ಮ ಮೆಟ್ರೊದಲ್ಲೂ ಇದು ದಿನಾ ನಡೆಯುತ್ತದೆ.

ಮೇಲಿನ ತಂತಿ ಅಂದೆ. ಮನೆಗೆ ಹೋಗುವಾಗ ಕಂಟೋನ್ಮೆಂಟಿನಲ್ಲೋ ಮಲ್ಲೇಶ್ವರದಲ್ಲೋ ಸ್ವಲ್ಪ ತಲೆ ಎತ್ತಿ ನೋಡಿ. ತಂತಿ ಹಳಿಯ ನೇರಕ್ಕೆ ಇರುವುದಿಲ್ಲ. ಒಂದು ಕಂಬದಿಂದ ಇನ್ನೊಂದಕ್ಕೆ ಎಡಕ್ಕೆ, ಬಲಕ್ಕೆ ಸ್ವಲ್ಪ ಸ್ವಲ್ಪ ಓರೆ. ಕೆಲಸ ಕೆಟ್ಟದ್ದಲ್ಲ, ಬೇಕಂತಲೇ ಮಾಡಿದ್ದು. ನೇರವಾಗಿದ್ದರೆ ರೈಲಿನ ನೆತ್ತಿಯ ಮೇಲೆ ತಂತಿಗೆ ತಾಗಿ ವಿದ್ಯುತ್ ಪಡೆಯುವ ಇಂಗಾಲದ ಪಟ್ಟಿ ಒಂದೇ ಜಾಗದಲ್ಲಿ ಗರಗಸ ಹಾಕಿದ ಹಾಗೆ ಸವೆದು ತುಂಡಾಗುತ್ತದೆ. ವೇಗ ಹೆಚ್ಚಾದಾಗ ಇನ್ನೊಂದು ಫಜೀತಿ. ಬಟ್ಟೆ ಒಣಹಾಕುವ ತಂತಿಯ ಒಂದು ತುದಿಗೆ ಬಡಿದರೆ ಅಲೆ ಇನ್ನೊಂದು ತುದಿಗೆ ಹೋಗುತ್ತದಲ್ಲ, ರೈಲು ಆ ಅಲೆಯ ಬೆನ್ನು ಹತ್ತಿಬಿಟ್ಟರೆ ತಂತಿ ಎದ್ದು ಕುಣಿಯುತ್ತದೆ. ಅಲೆ ಯಾವಾಗಲೂ ರೈಲಿಗಿಂತ ಬಹಳ ಮುಂದೆ ಓಡಬೇಕು. ಅದಕ್ಕೆ ತಂತಿಯನ್ನು ವೀಣೆಯ ತಂತಿಯ ಹಾಗೆ ಬಿಗಿಯಬೇಕು. 2007ರ ಏಪ್ರಿಲ್ 3ರಂದು ಟಿಜಿವಿ 574.8 ಕಿ.ಮೀ. ವೇಗದ ದಾಖಲೆ ಮಾಡಿದಾಗ ಆ ಭಾಗದ ತಂತಿಯನ್ನು ಮಾಮೂಲಿಗಿಂತ ಹೆಚ್ಚು ಬಿಗಿದಿದ್ದರು.

ಇನ್ನು ಹೇಳುವುದು ನನಗೆ ಹತ್ತಿರದ ವಿಷಯ, ಸ್ವಲ್ಪ ಹೊತ್ತು ಹಿಡಿಯುತ್ತದೆ.

ಜರ್ಮನಿಯ ಐಸಿಇ ರೈಲು 1991ರಲ್ಲಿ ಓಡಲು ಶುರುವಾದಾಗ ಒಂದು ಸಣ್ಣ ದೂರು ಬಂತು. ಗಾಲಿ ಕೂದಲೆಳೆಯಷ್ಟು ದುಂಡು ತಪ್ಪಿದರೂ ಡಬ್ಬಿ ಗುಂಯ್‌ಗುಡುತ್ತಿತ್ತು. ಪ್ರಯಾಣಿಕರು ಊಟ ಮಾಡುವ ಕೋಚಿನಲ್ಲಿ ತಟ್ಟೆ, ಲೋಟ ಗಲಗಲ ಅನ್ನುತ್ತಿದ್ದವು. ದುಡ್ಡು ಕೊಟ್ಟು ಕೂತವರಿಗೆ ಇದು ಹಿಡಿಸುತ್ತದೆಯೇ? ಅದಕ್ಕೆ ಕಂಡುಕೊಂಡ ಪರಿಹಾರ ಎತ್ತಿನ ಗಾಡಿಯ ಗಾಲಿ ನೋಡಿದವರಿಗೆ ತಕ್ಷಣ ಅರ್ಥವಾಗುತ್ತದೆ. ಮರದ ಗಾಲಿಗೆ ಕಬ್ಬಿಣದ ಪಟ್ಟಾ ಹೊಡೆಯುತ್ತೇವಲ್ಲ, ಹಾಗೆ ಉಕ್ಕಿನ ಗಾಲಿಯ ಹೊರಗೆ ಉಕ್ಕಿನ ಪಟ್ಟಾ, ಎರಡರ ನಡುವೆ ಎರಡು ಸೆಂ.ಮೀ. ರಬ್ಬರು. ಟ್ರಾಮುಗಳಲ್ಲಿ ಇಂಥ ಗಾಲಿ ಮೊದಲೇ ಇತ್ತು. ಹಾಕಿದರು, ಲೋಟದ ಸದ್ದು ನಿಂತಿತು.

ಆದರೆ ಟ್ರಾಮಿನ ವೇಗ ಬೇರೆ. 200 ಕಿ.ಮೀ. ವೇಗದಲ್ಲಿ ಈ ಗಾಲಿ ಸೆಕೆಂಡಿಗೆ ಹತ್ತೊಂಬತ್ತು ಸುತ್ತು ತಿರುಗುತ್ತದೆ. ಕೆಳಗೆ ರಬ್ಬರು ಇರುವುದರಿಂದ ಪ್ರತಿ ಸುತ್ತಿನಲ್ಲೂ ಪಟ್ಟಾ ಚೂರು ಅಮುಕಿ ಮತ್ತೆ ದುಂಡಗಾಗುತ್ತದೆ. ಕಟ್ಟಡದವರು ಬೈಂಡಿಂಗ್ ವೈರನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಮುರಿಯುವುದನ್ನು ನೋಡಿದ್ದೀರಿ. ಇದೂ ಅದೇ. ಬಿರುಕು ಹುಟ್ಟಿದ್ದು ಪಟ್ಟಾದ ಒಳಮೈಯಲ್ಲಿ, ಕಣ್ಣಿಗೆ ಕಾಣದ ಕಡೆ. ಹೊರಮೈ ಹೊಳೆಯುತ್ತಲೇ ಇತ್ತು. ಹ್ಯಾನೋವರಿನ ಟ್ರಾಮಿನವರು ತಮ್ಮ ಇಂಥ ಗಾಲಿಗಳು ನಿರೀಕ್ಷೆಗಿಂತ ಬೇಗ ಸವೆಯುತ್ತಿವೆ ಅಂತ ಕಂಡುಕೊಂಡು ಎಚ್ಚರಿಸಿದ್ದರು. ಡಿಪೋದಲ್ಲಿ, ಒಳಗಿನ ಬಿರುಕು ಹುಡುಕುವ ಅಲ್ಟ್ರಾಸೋನಿಕ್ ಯಂತ್ರ ಸುಮ್ಮಸುಮ್ಮನೆ ದೋಷ ತೋರಿಸುತ್ತದೆ ಅಂತ ಟಾರ್ಚು ಬಿಟ್ಟು ನೋಡುತ್ತಿದ್ದರು.

1998ರ ಜೂನ್ 3. ಮ್ಯೂನಿಕ್‌ನಿಂದ ಹ್ಯಾಂಬರ್ಗಿಗೆ ಹೋಗುತ್ತಿದ್ದ ರೈಲು, ಎಶೆಡೆ ಅನ್ನುವ ಊರಿಗೆ ಆರು ಕಿ.ಮೀ. ಇದ್ದಾಗ ಒಂದು ಪಟ್ಟಾ ಹರಿಯಿತು. ಹರಿದ ಪಟ್ಟಾ ನೆಟ್ಟಗಾಗಿ ಡಬ್ಬಿಯ ನೆಲ ಸೀಳಿ ಸೀಟುಗಳ ನಡುವೆ ಎದ್ದಿತು. ಒಬ್ಬ ಪ್ರಯಾಣಿಕ ಹೆಂಡತಿ ಮಗುವನ್ನು ಕರೆದುಕೊಂಡು ಆಚೆ ಡಬ್ಬಿಗೆ ಹೋಗಿ ಸಿಬ್ಬಂದಿಯನ್ನು ಹುಡುಕಿ ಹೇಳಿದ. ಬಂದು ಕಣ್ಣಾರೆ ನೋಡದೆ ರೈಲು ನಿಲ್ಲಿಸುವಂತಿಲ್ಲ ಅಂತ ಸಿಬ್ಬಂದಿ ಅವನ ಜೊತೆ ಹೊರಟರು. ಅಷ್ಟರಲ್ಲಿ ಊರು ಬಂತು. ಜೋತಾಡುತ್ತಿದ್ದ ಪಟ್ಟಾ ಹಳಿ ಬದಲಿಸುವ ಪಾಯಿಂಟಿಗೆ ಸಿಕ್ಕಿಕೊಂಡಿತು. ಡಬ್ಬಿಗಳು ಪಕ್ಕದ ಹಳಿಗೆ ತಿರುಗಿ ರಸ್ತೆ ಸೇತುವೆಯ ಕಂಬಕ್ಕೆ ಹೊಡೆದವು. ಸೇತುವೆ ರೈಲಿನ ಮೇಲೇ ಕುಸಿಯಿತು. 101 ಜನ ಸತ್ತರು. ಆಮೇಲೆ ಐಸಿಇ ರೈಲುಗಳಿಗೆಲ್ಲ ಒಂದೇ ತುಂಡಿನ ಉಕ್ಕಿನ ಗಾಲಿ ವಾಪಸು ಬಂತು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಳೆಯ ಫಿಟ್ಟರ್ ಒಬ್ಬರು ಉದ್ದ ಹಿಡಿಯ ಸುತ್ತಿಗೆ ಹಿಡಿದು ಗಾಲಿ ಗಾಲಿಗೂ ತಟ್ಟಿಕೊಂಡು ಹೋಗುತ್ತಿದ್ದರು. ಸಂತೆಯಲ್ಲಿ ಗಡಿಗೆ ತಟ್ಟಿ ನೋಡಿ ಕೊಳ್ಳುತ್ತಾರಲ್ಲ, ಹಾಗೆ. ಖಣ್ ಅಂದರೆ ಸರಿ, ಬೊದ್ದು ಅಂದರೆ ಅಲ್ಲೇ ಸೀಮೆಸುಣ್ಣದ ಗುರುತು. ಒಂದು ಸಲ ಅವರು ಗುರುತು ಹಾಕಿದ ಗಾಲಿಯನ್ನು ನಮ್ಮ ಮೇಲಿನವರೊಬ್ಬರು ‘ರೈಲು ಲೇಟಾಗುತ್ತೆ ಕಣಯ್ಯಾ’ ಅಂತ ಬಿಡಿಸಿ ಕಳಿಸಲು ನೋಡಿದರು. ಫಿಟ್ಟರು ಹೊಂಡದಿಂದ ಮೇಲೆ ಬರಲೇ ಇಲ್ಲ, ‘ನಾನು ಕೆಳಗೇ ಇದ್ದೀನಿ, ಎಳೀರಿ ನೋಡೋಣ’ ಅಂದರು. ಡಬ್ಬಿ ಕಳಚಿದರು, ರೈಲು ನಲವತ್ತು ನಿಮಿಷ ತಡವಾಗಿ ಹೊರಟಿತು. ಗಾಲಿಯಲ್ಲಿ ಬಿರುಕು ಇತ್ತೇ? ಇತ್ತು. ಉಗುರಿನಷ್ಟು.

ಜರ್ಮನರು ಎಡವಿದರು, ಜಪಾನೀಯರು ಎಡವುವುದಿಲ್ಲ ಅನ್ನುವ ಭಕ್ತಿಯೂ ಬೇಡ. 2017ರ ಡಿಸೆಂಬರಿನಲ್ಲಿ ಹಕಾತಾದಿಂದ ತೋಕಿಯೊಗೆ ಹೊರಟ ರೈಲಿನಲ್ಲಿ ಸುಟ್ಟ ವಾಸನೆ, ಕೆಳಗಿನಿಂದ ಏನೋ ಸದ್ದು. ಸಿಬ್ಬಂದಿಗೆ ಗೊತ್ತಾದ ಮೇಲೂ ಗಂಟೆಗಟ್ಟಲೆ ಓಡಿಸಿ, ಕೊನೆಗೆ ನಗೋಯಾದಲ್ಲಿ ನಿಲ್ಲಿಸಿ ನೋಡಿದರೆ ಬೋಗಿಯ ಚೌಕಟ್ಟು ಬಿರಿದು ತುಂಡಾಗುವ ಹಂತದಲ್ಲಿತ್ತು. 7 ಮಿ.ಮೀ.ಗಿಂತ ಕಡಿಮೆ ಇರಬಾರದಾಗಿದ್ದ ಉಕ್ಕಿನ ತಗಡನ್ನು ಕಾರ್ಖಾನೆಯಲ್ಲಿ ಉಜ್ಜಿ ಉಜ್ಜಿ 4.7ಕ್ಕೆ ಇಳಿಸಿದ್ದರು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಗ ನಾನು ನಿವೃತ್ತನಾಗಿದ್ದೆ, ನನಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಹಾಗಿದ್ದೂ 1964ರಿಂದ ಇವತ್ತಿನವರೆಗೆ ಶಿಂಕನ್‌ಸೆನ್ ಡಿಕ್ಕಿಯಾಗಿ ಅಥವಾ ಹಳಿ ತಪ್ಪಿ ಒಬ್ಬ ಪ್ರಯಾಣಿಕನೂ ಸತ್ತಿಲ್ಲ. 2011ರ ಮಹಾಭೂಕಂಪದಲ್ಲಿ ಪ್ರಯಾಣಿಕರಿದ್ದ ಒಂದು ರೈಲೂ ಹಳಿ ಬಿಡಲಿಲ್ಲ. ಕಡಲತೀರದ ಮಾಪಕಗಳು ಭೂಕಂಪದ ಮೊದಲ ಮೆಲ್ಲನೆಯ ಅಲೆ ಹಿಡಿದು ಮೇಲಿನ ತಂತಿಯ ವಿದ್ಯುತ್ ಕಡಿಯುತ್ತವೆ. ವಿದ್ಯುತ್ ಹೋದ ತಕ್ಷಣ ರೈಲು ತಾನೇ ಬ್ರೇಕು ಹಾಕುತ್ತದೆ. ಇದು ಹೇಗೆ ಸಾಧ್ಯವಾಯಿತು ಅಂತ ಕೇಳಿದರೆ ನಾನು ರಾತ್ರಿಯನ್ನು ತೋರಿಸುತ್ತೇನೆ. ತೋಕಿಯೊ–ಒಸಾಕಾ ಮಾರ್ಗದಲ್ಲಿ ಹಗಲು ಗಂಟೆಗೆ 17 ರೈಲುಗಳವರೆಗೆ ಒಂದೇ ದಿಕ್ಕಿಗೆ ಬಿಡುತ್ತಾರೆ, ನಮ್ಮ ಮೆಟ್ರೊದ ಹಾಗೆ. ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಒಂದೂ ಇಲ್ಲ. ಆ ಆರು ಗಂಟೆ ಹಳಿಯವರದ್ದು. ಜಲ್ಲಿ ಸರಿಮಾಡುವವರು, ಹಳಿ ಉಜ್ಜುವವರು, ತಂತಿ ಅಳೆಯುವವರು ಇಳಿಯುತ್ತಾರೆ. ಮುಗಿದ ಮೇಲೆ ಹಳಿಯ ಮೇಲೆ ಒಂದು ಸ್ಪ್ಯಾನರು ಕೂಡ ಬಿದ್ದಿಲ್ಲ ಅಂತ ನೋಡುವುದಕ್ಕೆ ಒಂದು ತಪಾಸಣಾ ಗಾಡಿ ಹೋಗುತ್ತದೆ. ಆಮೇಲೆ ಮೊದಲ ರೈಲು. ನಮ್ಮಲ್ಲಿ ಹಳಿ ಕೆಲಸಕ್ಕೆ ಎರಡು ಗಂಟೆ ರೈಲು ನಿಲ್ಲಿಸುವ ‘ಬ್ಲಾಕ್’ ಕೇಳಿದರೆ ಕಂಟ್ರೋಲಿನವರ ಜೊತೆ ಚೌಕಾಸಿ. ಅವರಲ್ಲಿ ಕೇಳುವ ಮಾತೇ ಇಲ್ಲ, ದಿನಾ ಸಿಗುತ್ತದೆ.

ನಡುವೆ ಒಬ್ಬ ಹಿರಿಯರು ಕೈ ಎತ್ತಿದರು. ‘ಸಾರ್, ಇವೆಲ್ಲ ಸರಿ. ಬೆಂಗಳೂರಿಗೆ ಯಾವಾಗ?’

ಮೈಸೂರು–ಬೆಂಗಳೂರು–ಚೆನ್ನೈ ನಡುವೆ ಸುಮಾರು 435 ಕಿ.ಮೀ. ವೇಗದ ಮಾರ್ಗದ ಯೋಜನೆ ಕಾಗದದ ಮೇಲೆ ಇದೆ. ದೇಶದ ಮೊದಲನೆಯದಾದ ಮುಂಬೈ–ಅಹಮದಾಬಾದ್ ಮಾರ್ಗಕ್ಕೆ 2017ರಲ್ಲಿ ಅಡಿಗಲ್ಲು ಹಾಕಿದರು. 508 ಕಿ.ಮೀ., ಹೆಚ್ಚಿನ ಭಾಗ ಕಂಬಗಳ ಮೇಲೆ, ಠಾಣೆ ಖಾರಿಯ ಕೆಳಗೆ 7 ಕಿ.ಮೀ. ಸುರಂಗ. ಅದೂ 1435 ಮಿ.ಮೀ. ಗೇಜು, ನಮ್ಮ 1676ರ ಬ್ರಾಡ್‌ಗೇಜಿಗೆ ಸಂಬಂಧ ಇಲ್ಲದ ಹೊಸ ದಾರಿ. ತಾರೀಖು ಹೇಳುವ ಧೈರ್ಯ ನನಗಿಲ್ಲ.

ಆದರೆ ಬೆಂಗಳೂರು ಈ ಕಥೆಯ ಹೊರಗಿಲ್ಲ. ಯಲಹಂಕದ ಗಾಲಿ ಮತ್ತು ಅಚ್ಚು ಕಾರ್ಖಾನೆ 1984ರಿಂದ ದೇಶಕ್ಕೆ ಗಾಲಿ ಎರಕ ಹೊಯ್ಯುತ್ತಿದೆ. ವೇಗದ ರೈಲಿಗೆ ಬೇಕಾದದ್ದು ಎರಕದ್ದಲ್ಲ, ಬಡಿದು ರೂಪಿಸಿದ ಗಾಲಿ. ಅದಕ್ಕೆ ನಾವು ಹೊರದೇಶ ನೋಡುತ್ತಿದ್ದೆವು. 2022ರಲ್ಲಿ ವಂದೇ ಭಾರತ್‌ಗೆ ಉಕ್ರೇನಿನಿಂದ ಬರಬೇಕಿದ್ದ ಗಾಲಿಗಳು ಯುದ್ಧದಲ್ಲಿ ಸಿಕ್ಕಿಕೊಂಡವು. ಒಂದಷ್ಟನ್ನು ಲಾರಿಯಲ್ಲಿ ರುಮೇನಿಯಾಕ್ಕೆ ಸಾಗಿಸಿ, ಅಲ್ಲಿಂದ ವಿಮಾನದಲ್ಲಿ ತರಬೇಕಾಯಿತು. ರೈಲಿನ ಗಾಲಿ ವಿಮಾನದಲ್ಲಿ! 2024ರ ಅಕ್ಟೋಬರಿನಲ್ಲಿ ನಮ್ಮ ಬಿಇಎಂಎಲ್‌ಗೆ ಎಂಟು ಡಬ್ಬಿಯ ಎರಡು ರೈಲುಗಳ ಗುತ್ತಿಗೆ ಸಿಕ್ಕಿತು. ಪರೀಕ್ಷಾ ವೇಗ 280 ಕಿ.ಮೀ., ಮೊತ್ತ 866.87 ಕೋಟಿ ರೂಪಾಯಿ. ಆ ಬೋಗಿಯನ್ನು ಕೆಳಗಿನಿಂದ ನೋಡಲು ಬಿಡುತ್ತಾರೆಯೇ ಅಂತ ನಾನು ಕೇಳುವವನಿದ್ದೇನೆ.

ವಂದೇ ಭಾರತ್ 180 ಕಿ.ಮೀ. ಪರೀಕ್ಷೆ ದಾಟಿದ ರೈಲು. 2022ರ ನವೆಂಬರಿನಲ್ಲಿ ಮೈಸೂರು–ಚೆನ್ನೈ ನಡುವೆ ಬಂದದ್ದು ಸುಮಾರು 500 ಕಿ.ಮೀ. ದೂರಕ್ಕೆ ಆರೂವರೆ ಗಂಟೆ ಆಸುಪಾಸು ತೆಗೆದುಕೊಳ್ಳುತ್ತದೆ. ಸರಾಸರಿ 77. ರೈಲಿನ ತಪ್ಪಲ್ಲ, ದಾರಿಯದು. ಮೈಸೂರಿಗೆ ಬೇಗ ಹೋಗಬೇಕು ಅನ್ನುವವರಿಗೆ ಒಂದು ಲೆಕ್ಕ. 100 ಕಿ.ಮೀ. ಉದ್ದಕ್ಕೂ ವೇಗವನ್ನು 110ರಿಂದ 130ಕ್ಕೆ ಏರಿಸಿದರೆ ಉಳಿಯುವುದು ಎಂಟು ಚಿಲ್ಲರೆ ನಿಮಿಷ. ಎಲ್ಲೋ ಒಂದು ಕಡೆ 30ರಲ್ಲಿ ತೆವಳುವ 10 ಕಿ.ಮೀ.ಯನ್ನು 60 ಮಾಡಿದರೆ ಉಳಿಯುವುದು ಹತ್ತು ನಿಮಿಷ. ಮೊದಲನೆಯದಕ್ಕೆ ಹೊಸ ರೈಲು ಬೇಕು, ಬಾವುಟ ತೋರಿಸುವ ಸಮಾರಂಭ ಬೇಕು. ಎರಡನೆಯದಕ್ಕೆ ಒಂದು ತಿರುವು ನೇರ ಮಾಡಬೇಕು, ಒಂದು ಗೇಟು ಮುಚ್ಚಿ ಅಂಡರ್‌ಪಾಸ್ ಕಟ್ಟಬೇಕು. ಅದರ ಫೋಟೊ ಯಾರೂ ತೆಗೆಯುವುದಿಲ್ಲ.

ಕೊನೆಯ ಪ್ರಶ್ನೆ ಕೇಳಿದ್ದು ಎಂಟನೆಯ ತರಗತಿಯ ಒಬ್ಬ ಹುಡುಗಿ. ‘ತಾತ, ತಿರುವಿನಲ್ಲಿ ಹೊರಗಡೆ ಗಾಲಿ ಜಾಸ್ತಿ ದೂರ ಹೋಗಬೇಕಲ್ವಾ? ಎರಡೂ ಒಂದೇ ಅಚ್ಚಿಗೆ ಅಂಟಿಕೊಂಡಿದ್ದರೆ ಹೇಗೆ ಆಗುತ್ತೆ?’

ಮೂವತ್ತು ವರ್ಷದಲ್ಲಿ ನನ್ನ ಕೈಕೆಳಗೆ ಬಂದ ಟ್ರೈನಿಗಳಲ್ಲಿ ಇದನ್ನು ತಾವಾಗಿ ಕೇಳಿದವರು ಇಬ್ಬರು. ಉತ್ತರ ಹೇಳಲಿಲ್ಲ. ಬಾಯಿಗೆ ಬಾಯಿ ಅಂಟಿಸಿದ ಕಪ್ಪಿನ ಜೋಡಿಯನ್ನು ಕೈಗೆ ಕೊಟ್ಟು, ಪೈಪುಗಳನ್ನು ಸ್ವಲ್ಪ ಬಗ್ಗಿಸಿ ಇಟ್ಟು ನೀನೇ ಬಿಟ್ಟು ನೋಡು ಅಂದೆ. ಮೊದಲ ಸಲ ಬಿತ್ತು, ಬಹಳ ಬಗ್ಗಿಸಿದ್ದೆವು. ಪೈಪನ್ನು ಚೂರು ಸಡಿಲ ಮಾಡಿದೆವು. ಎರಡನೆಯ ಸಲ ಕಪ್ಪು ತಾನಾಗಿ ಹೊರಗಡೆಗೆ ಸರಿದು, ದಪ್ಪ ಭಾಗವನ್ನು ಹೊರಗಿನ ಪೈಪಿನ ಮೇಲೆ ಇಟ್ಟುಕೊಂಡು ತಿರುಗಿತು. ‘ಓ!’ ಅಂದಳು. ವಂದನಾರ್ಪಣೆ ಮುಗಿದು, ಕುರ್ಚಿ ಮಡಚಿ, ಫ್ಯಾನು ಆರಿಸಿದರೂ ಅವಳು ವೇದಿಕೆಯ ಮೇಲೆ ಬಗ್ಗಿ ಕೂತು ಕಪ್ಪು ಬಿಡುತ್ತಲೇ ಇದ್ದಳು. ಅವರಮ್ಮ ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ಕಾಯುತ್ತಿದ್ದರು.